ಸೋರುವ ದೋಣಿ, ಏಳು ದಿನದ ಲೈಸೆನ್ಸು

ಮಿನೆಸೊಟಾದ ಕಾರುಗಳ ನಂಬರ್ ಪ್ಲೇಟಿನ ಮೇಲೆ ‘10,000 ಕೆರೆಗಳು’ ಅಂತ ಬರೆದಿರುತ್ತದೆ. ಬಂದ ಹೊಸದರಲ್ಲಿ ಇದೊಂದು ಬಡಾಯಿ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಪಾಪ, ಕಡಿಮೆಯೇ ಹೇಳಿಕೊಂಡಿದ್ದಾರೆ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡವನ್ನಷ್ಟೇ ಎಣಿಸಿದರೂ ಲೆಕ್ಕ 11,842 ಆಗುತ್ತದಂತೆ. ಬೇಸಿಗೆ ಬಂತೆಂದರೆ ಇಲ್ಲಿ ಪ್ರತಿ ಎರಡನೇ ಮನೆಯ ಗ್ಯಾರೇಜಿನಿಂದ ಒಂದು ಬೋಟು ಹೊರಗೆ ಇಣುಕುತ್ತದೆ. ನಮ್ಮ ಕಡೆ ಮನೆ ಮುಂದೆ ಬೈಕ್ ನಿಲ್ಲಿಸಿದಷ್ಟೇ ಸಹಜವಾಗಿ ಬೋಟು ನಿಲ್ಲಿಸಿರುತ್ತಾರೆ.

ಐದು ವರ್ಷ ಇಲ್ಲಿದ್ದರೂ ನನಗೆ ಬೋಟಿನ ಹುಚ್ಚು ಹಿಡಿದಿರಲಿಲ್ಲ. ಹಿಡಿಸಿದ್ದು ಅಪ್ಪ. ಅವನೂ ಬಾಯಿಬಿಟ್ಟು ಕೇಳಿದವನಲ್ಲ.

ಅಮ್ಮ ಹೋಗಿ ಒಂದೂವರೆ ವರ್ಷವಾಗಿತ್ತು. ಅಪ್ಪ ಹೊನ್ನಾವರದ ಹತ್ತಿರ, ಶರಾವತಿ ದಂಡೆಯ ನಮ್ಮ ಊರಲ್ಲಿ ಒಬ್ಬನೇ ಇದ್ದ. ‘ಇಲ್ಲೇ ಬಂದು ಇರು’ ಅಂತ ಹೇಳುವುದು ಸುಲಭ. ಎಚ್‌-1ಬಿ ವೀಸಾದಲ್ಲಿರುವವನು ಅಪ್ಪನನ್ನು ಪ್ರವಾಸಿಯಾಗಿ ಕರೆಸಬಹುದೇ ಹೊರತು ಇರಿಸಿಕೊಳ್ಳಲಾಗದು. ಏಪ್ರಿಲ್‌ನಲ್ಲಿ ಬಂದ. ಜುಲೈ ಎರಡನೇ ವಾರಕ್ಕೆ ವಾಪಸ್ ಟಿಕೆಟ್. ಬಂದಾಗ ಹಿತ್ತಲಲ್ಲಿ ಇನ್ನೂ ಹಿಮದ ಗುಡ್ಡೆ ಇತ್ತು. ನಾನು ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ಅವನು ಕಿಟಕಿ ಮುಂದೆ ಕೂರುತ್ತಿದ್ದ. ಮೂವತ್ತು ವರ್ಷ ಮಕ್ಕಳ ಗಲಾಟೆಯ ನಡುವೆ ಮೇಷ್ಟ್ರಾಗಿ ದುಡಿದ ಮನುಷ್ಯ, ಇಡೀ ದಿನದಲ್ಲಿ ಹತ್ತು ಮಾತು ಆಡಿದರೆ ಹೆಚ್ಚು. ಅದರಲ್ಲಿ ನಾಲ್ಕು ‘ಊಟ ಆಯ್ತಾ’.

ಮೇ ತಿಂಗಳ ಒಂದು ಭಾನುವಾರ ವಕೋನಿಯಾ ಕೆರೆಗೆ ಕರೆದುಕೊಂಡು ಹೋದೆ. ನಾನಿರುವ ಚಾಸ್ಕಾದಿಂದ ಸುಮಾರು ಇಪ್ಪತ್ತು ನಿಮಿಷದ ದಾರಿ. ದೊಡ್ಡ ಕೆರೆ, ಮೂರು ಸಾವಿರ ಎಕರೆಯಷ್ಟು. ನಡುವೆ ಕೋನಿ ಐಲೆಂಡ್ ಅಂತ ಒಂದು ನಡುಗಡ್ಡೆ, ಒಂದು ಕಾಲದಲ್ಲಿ ಅಲ್ಲಿ ರೆಸಾರ್ಟು, ಹೋಟೆಲು ಎಲ್ಲ ಇದ್ದವು. ಈಗ ಮರಗಳೇ. ಅಪ್ಪ ದಂಡೆಯಲ್ಲಿ ನಿಂತು ಬೋಟುಗಳು ನೀರಿಗಿಳಿಯುವುದನ್ನೇ ಒಂದು ಗಂಟೆ ನೋಡಿದ. ಆ ನಡುಗಡ್ಡೆಯನ್ನು ತೋರಿಸಿ, “ನಮ್ಮ ಮಾವಿನಕುರ್ವೆ ನೋಡಿದ ಹಾಗಾಗ್ತದೆ” ಅಂದ. ಎರಡು ತಿಂಗಳಲ್ಲಿ ಅವನಾಗಿಯೇ ಆಡಿದ ಮೊದಲ ಮಾತು ಅದೇ ಇರಬೇಕು.

ಮುಂದಿನ ವಾರ ನಾನು ಬೋಟು ಕೊಂಡೆ.

ಹದಿನಾಲ್ಕು ಅಡಿಯ ಅಲ್ಯುಮಿನಿಯಂ ಬೋಟು, ಜೊತೆಗೆ ತುಕ್ಕು ಹಿಡಿದ ಟ್ರೈಲರ್, 9.9 ಹಾರ್ಸ್‌ಪವರಿನ ಹಳೇ ಮೋಟಾರು. ಎಲ್ಲಾ ಸೇರಿ 1,100 ಡಾಲರ್. ಮಾರಿದ್ದು ಒಬ್ಬ ಅಜ್ಜಿ. ತೀರಿಹೋದ ಗಂಡನ ಬೋಟಂತೆ. ಪಕ್ಕದಲ್ಲಿದ್ದ ಕಂಪನಿಯ ಹೆಸರು ಬಿಸಿಲಿಗೆ ಮಾಸಿ ಓದಲು ಬರುತ್ತಿರಲಿಲ್ಲ. “ಸೋರ್ತದಾ?” ಅಂತ ಕೇಳಿದೆ. “ಹಳೇ ಬೋಟು ಎಲ್ಲವೂ ಸ್ವಲ್ಪ ಸೋರ್ತವೆ” ಅಂದಳು. ಸಾಫ್ಟ್‌ವೇರ್‌ನಲ್ಲಿ ‘ಇದು ಗೊತ್ತಿರುವ ಸಮಸ್ಯೆ’ ಅಂತೀವಲ್ಲ, ಅದೇ ಧಾಟಿ. ಆ ಧಾಟಿಗೆ ಹೆದರಬೇಕು ಅಂತ ನನಗೆ ಗೊತ್ತಿರಬೇಕಿತ್ತು.

ಇಲ್ಲಿ ಗಾಳ ಹಾಕುವುದಕ್ಕೂ ಲೈಸೆನ್ಸು ಬೇಕು. ನಾನು ಇಲ್ಲಿನ ನಿವಾಸಿ ಅಂತ ವರ್ಷದ್ದು ಸಿಕ್ಕಿತು. ಅಪ್ಪ ಹೊರಗಿನವನು. ಅವನಿಗೆ ಏಳು ದಿನದ್ದೊಂದು ತೆಗೆಸಿದೆ. ಜೂನ್‌ನ ಒಂದು ಶನಿವಾರದಿಂದ ಶುರು. ಏಳು ದಿನದಲ್ಲಿ ಒಂದು ಮೀನಾದರೂ ಸಿಗದೇ ಇರುತ್ತದೆಯೇ ಅನ್ನುವುದು ನನ್ನ ಲೆಕ್ಕ.

ಆ ಶನಿವಾರ ಬೆಳಿಗ್ಗೆ ವಕೋನಿಯಾದಲ್ಲಿ ಗಾಳಿಯೇ ಇರಲಿಲ್ಲ. ಲೈಫ್ ಜಾಕೆಟ್ ಹಾಕಿಸಿದಾಗ ಅಪ್ಪ, “ಅಳಿವೆ ದಾಟಿದವನಿಗೆ ಇದೆಂತದ್ದು ತಮಾ” ಅಂತ ಗೊಣಗಿದ. ಆದರೂ ಹಾಕಿಕೊಂಡ. ನಡುಗಡ್ಡೆಯ ಹಿಂಬದಿಗೆ ಹೋಗಿ ಲಂಗರು ಬಿಟ್ಟೆವು. ಅಪ್ಪ ಎರೆಹುಳ ಸಿಕ್ಕಿಸಿದ ರೀತಿ ನೋಡಿಯೇ ಇವನ ಕೈಗೆ ಎಲ್ಲಾ ನೆನಪಿದೆ ಅಂತ ಗೊತ್ತಾಯಿತು. ನಾನು ಫೋಟೋ ತೆಗೆಯುತ್ತಾ ಕೂತಿದ್ದೆ. ಒಂದೂವರೆ ಗಂಟೆ ಕಳೆದಿರಬಹುದು. ಹಿಂದೆ ಏನೋ ಡಬ್ಬ ಬಡಿದ ಸದ್ದಾಯಿತು. ತಿರುಗಿ ನೋಡಿದರೆ ಪೆಟ್ರೋಲ್ ಕ್ಯಾನು ತೇಲುತ್ತಿದೆ.

ಬೋಟಿನೊಳಗೆ.

ಹಿಂಬದಿಯಲ್ಲಿ ಕಾಲಿನ ಗಂಟು ಮುಳುಗುವಷ್ಟು ನೀರು. ಮೊದಲು ಹೊಳೆದದ್ದು ಬಿರಡೆ. ಈ ಬೋಟುಗಳ ಹಿಂದೆ, ತಳಕ್ಕೆ ತಾಗಿಕೊಂಡು ನೀರು ಹೊರಬಿಡಲು ಒಂದು ತೂತಿರುತ್ತದೆ, ಅದಕ್ಕೊಂದು ರಬ್ಬರಿನ ಬಿರಡೆ. ದಂಡೆಗೆ ಬಂದ ಮೇಲೆ ಅದನ್ನು ತೆಗೆದೇ ಬೋಟು ಸಾಗಿಸಬೇಕು ಅಂತ ಇಲ್ಲಿ ಕಾನೂನೇ ಇದೆ. ಒಂದು ಕೆರೆಯ ನೀರಿನ ಜೊತೆ ಜೀಬ್ರಾ ಮಸಲ್ ಅನ್ನುವ ಪುಟ್ಟ ಚಿಪ್ಪಿನ ಮರಿಗಳು ಇನ್ನೊಂದು ಕೆರೆಗೆ ಹೋಗಬಾರದೆಂದು. ಕಪ್ಪು ಸಮುದ್ರದ ಕಡೆಯ ಆ ಜೀವಿ 1980ರ ದಶಕದಲ್ಲಿ ಹಡಗುಗಳ ನೀರಿನಲ್ಲಿ ಅಮೆರಿಕಕ್ಕೆ ಬಂದು, ಈಗ ಕೆರೆಯಿಂದ ಕೆರೆಗೆ ಹಬ್ಬುತ್ತಿದೆ. ಕಾನೂನು ಒಳ್ಳೆಯದೇ. ಆದರೆ ತೆಗೆದ ಬಿರಡೆ ಹಾಕಲು ಮರೆಯುವವರು ಪ್ರತಿ ದಿನ ಒಬ್ಬರಾದರೂ ಇರುತ್ತಾರೆ.

ನಾನು ಮರೆತಿರಲಿಲ್ಲ. ಕೈಹಾಕಿ ನೋಡಿದೆ, ಬಿರಡೆ ಗಟ್ಟಿಯಾಗಿ ಕೂತಿತ್ತು.

ಜೂನ್ ಆದರೂ ನೀರು ಚಳಿ ಹುಟ್ಟಿಸುವಷ್ಟು ತಣ್ಣಗಿತ್ತು. ನನಗೆ ಈಜು ಅಷ್ಟಕ್ಕಷ್ಟೆ. ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಕೈ ನಡುಗಿತು. ಮೋಟಾರಿನ ಹಗ್ಗ ಎಳೆದರೆ ಸ್ಟಾರ್ಟ್ ಆಗಲಿಲ್ಲ. ಅಪ್ಪ ಮಾತ್ರ ಗಾಳವನ್ನು ನಿಧಾನಕ್ಕೆ ಸುತ್ತಿ ಬದಿಗಿಟ್ಟ. ಕುಡಿಯುವ ನೀರಿನ ಪ್ಲಾಸ್ಟಿಕ್ ಕ್ಯಾನನ್ನು ಚಾಕುವಿನಿಂದ ಓರೆಯಾಗಿ ಕೊಯ್ದು ಮೊಗೆಯಲು ಶುರುಮಾಡಿದ. ಗಡಿಬಿಡಿಯೇ ಇಲ್ಲ. ಮೊಗೆದು ಚೆಲ್ಲು, ಮೊಗೆದು ಚೆಲ್ಲು. “ನೀ ಮೋಟಾರು ನೋಡು. ಇದು ಬರೋದಕ್ಕಿಂತ ನಾ ಬೇಗ ಹಾಕ್ತೆ” ಅಂದ. ಆರನೆಯ ಸಲಕ್ಕೆ ಮೋಟಾರು ಹಿಡಿಯಿತು.

ದಂಡೆಗೆ ಬಂದು ಬಿರಡೆ ತೆಗೆದರೆ ನೀರು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ಹಿಂದೆ ಸಾಲಿನಲ್ಲಿದ್ದವರು ಕನಿಕರದಿಂದ ನೋಡುತ್ತಿದ್ದರು.

ಭಾನುವಾರ ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ನೀರು ಕಂಡದ್ದು ಹಿಂಬದಿಯಲ್ಲಿ, ಹಾಗಾಗಿ ತೂತು ಹಿಂಬದಿಯಲ್ಲೇ ಇರಬೇಕು. ಅಂಗಡಿಯಿಂದ ಒಂದು ದಿನದಲ್ಲಿ ಒಣಗುವ ಸೀಲಂಟ್ ಎರಡು ಟ್ಯೂಬು ತಂದು ಹಿಂಬದಿಯ ಮೂಲೆಗಳಿಗೆ, ಬೆಸುಗೆಗಳಿಗೆ, ಬಿರಡೆಯ ಕೊಳವೆ ಸುತ್ತ ಬಳಿದೆ. ಆಫೀಸಿನಲ್ಲಿ ಜೂನಿಯರ್ ಹುಡುಗರು ಎರರ್ ಕಂಡ ಸಾಲಿಗೇ ತೇಪೆ ಹಚ್ಚಿದರೆ ನಾನು ಅರ್ಧ ಗಂಟೆ ಪ್ರವಚನ ಕೊಡುತ್ತೇನೆ. ಅದೇ ನಾನು, ಅದೇ ಕೆಲಸ. ಅಪ್ಪ ಮೆಟ್ಟಿಲ ಮೇಲೆ ಕೂತು ಚಾ ಕುಡಿಯುತ್ತಾ ನೋಡುತ್ತಿದ್ದ. ಏನೂ ಹೇಳಲಿಲ್ಲ.

ಮಂಗಳವಾರ ಸಂಜೆ ಮತ್ತೆ ಹೋದೆವು. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ. ಐದಕ್ಕೆ ಲಾಗೌಟ್ ಆದರೂ ನಾಲ್ಕು ಗಂಟೆ ಬೆಳಕು. ಹೊರಡುವಾಗ ಅಪ್ಪ ಆ ಕೊಯ್ದ ಕ್ಯಾನನ್ನು ಮರೆಯದೇ ಎತ್ತಿಕೊಂಡ. ನನ್ನ ರಿಪೇರಿಯ ಮೇಲೆ ಅವನಿಗಿದ್ದ ನಂಬಿಕೆ ಅಷ್ಟು. ಸರಿಯೇ ಇತ್ತು. ಮುಕ್ಕಾಲು ಗಂಟೆಗೆ ಕ್ಯಾನಿಗೆ ಕೆಲಸ ಬಂತು. ಏಳರಲ್ಲಿ ನಾಲ್ಕು ದಿನ ಮುಗಿದಿತ್ತು, ಮೀನು ಸೊನ್ನೆ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ಬಾಯಿಬಿಟ್ಟ. “ಹೊರಗಿನ ನೀರು ಒಳಗೆ ಎಲ್ಲಿಂದ ಬರ್ತದೆ ಅಂತ ನೋಡೋದು ಕಷ್ಟ ತಮಾ. ಒಳಗೆ ನೀರು ಹಾಕು. ಹೊರಗೆ ಎಲ್ಲಿ ಬರ್ತದೆ ನೋಡು.”

“ಭಾನುವಾರವೇ ಹೇಳಬಾರದಿತ್ತಾ?”

“ನೀ ಇಂಜಿನಿಯರು. ಮಾಡಲಿ ಅಂತ ಬಿಟ್ಟೆ.”

ಬುಧವಾರ ಸಂಜೆ ಬೋಟನ್ನು ಟ್ರೈಲರ್ ಮೇಲೇ ಇಟ್ಟು, ಹೊರಮೈಯನ್ನು ಹಳೇ ಪಂಚೆಯಿಂದ ಒರೆಸಿ ಒಣಗಿಸಿದೆವು. ಇಲ್ಲೊಂದು ಎಚ್ಚರಿಕೆ. ಇದನ್ನು ಓದಿ ಯಾರಾದರೂ ಮಾಡಲು ಹೊರಟರೆ ದಯವಿಟ್ಟು ಬೋಟನ್ನು ಕಂಠಪೂರ್ತಿ ತುಂಬಿಸಬೇಡಿ. ಒಂದು ಲೀಟರ್ ನೀರೆಂದರೆ ಒಂದು ಕೆಜಿ. ಇಷ್ಟು ದೊಡ್ಡ ತಳದಲ್ಲಿ ನಾಲ್ಕು ಇಂಚು ನಿಂತರೂ ಮುನ್ನೂರು ಕೆಜಿಗೆ ಹೋಗುತ್ತದೆ. ಬೋಟನ್ನು ಮಾಡಿರುವುದು ಹೊರಗಿನ ನೀರು ಒತ್ತುವುದಕ್ಕೆ, ಒಳಗಿನ ಭಾರ ಎರಡು ಹಲಗೆಗಳ ಮೇಲೆ ಕೂರುವುದಕ್ಕಲ್ಲ. ಸ್ವಲ್ಪವೇ ಹಾಕಿ, ಟ್ರೈಲರಿನ ಮೂತಿಯನ್ನು ಜಾಕ್‌ನಿಂದ ಎತ್ತಿ ಇಳಿಸಿ ನೀರನ್ನು ಹಿಂದೆ ಮುಂದೆ ಓಡಿಸಬೇಕು. ಇದು ಅಪ್ಪನ ಯೋಜನೆ. ಜಾಕ್ ತಂದುಕೊಟ್ಟವನು ಪಕ್ಕದ ಮನೆಯ ಅಜ್ಜ.

ಆ ಅಜ್ಜನಿಗೆ ಕಿವಿ ಮಂದ. ಅಪ್ಪನ ಇಂಗ್ಲಿಷು ಶಾಲೆಯ ಪಾಠದಂತೆ ನಿಧಾನ. ಇಬ್ಬರ ಮಾತೂ ಬೆರಳಿನಲ್ಲೇ ನಡೆಯುತ್ತಿತ್ತು. ಆದರೂ ಐದೇ ನಿಮಿಷದಲ್ಲಿ ಇಬ್ಬರೂ ಬೋಟಿನ ಅಡಿಗೆ ತೂರಿ, ನನ್ನನ್ನು ಪೈಪು ಹಿಡಿಯಲು ಹಚ್ಚಿದರು.

“ಸೀಮೆಸುಣ್ಣ ಇದ್ಯಾ?” ಅಪ್ಪ ಕೇಳಿದ. ಮನೆಯಲ್ಲಿ ಎಲ್ಲಿಯ ಸೀಮೆಸುಣ್ಣ? ಅವನೇ ಒಳಗೆ ಹೋಗಿ ಅಕ್ಕಿಹಿಟ್ಟಿನ ಪೊಟ್ಟಣ ತಂದ. ಅಂಗೈಗೆ ಹಿಟ್ಟು ಹಚ್ಚಿ ಬೋಟಿನ ಅಡಿಗೆ, ರಿವೆಟ್ಟುಗಳ ಸಾಲಿನುದ್ದಕ್ಕೂ ತೆಳ್ಳಗೆ ಸವರಿದ. ಹನಿ ಬೀಳುವ ಮೊದಲೇ, ಬರೀ ತೇವವಾದರೂ ಹಿಟ್ಟು ಕಪ್ಪಾಗಿ ತೋರಿಸಿಕೊಡುತ್ತದೆ. ಅಜ್ಜ ಹಿಟ್ಟನ್ನು ಬೆರಳಿಗೆ ತಾಗಿಸಿ, ನಾಲಿಗೆಗೆ ಹಚ್ಚಿ ನೋಡಿ, ತಲೆಯಾಡಿಸಿದ.

ಮೊದಲು ಮೂತಿ ಎತ್ತಿ ನೀರೆಲ್ಲ ಹಿಂದೆ ನಿಲ್ಲುವಂತೆ ಮಾಡಿದೆವು. ಕಾಯಬೇಕು. ಸೋರುವುದು ಹುಡುಕುವ ಕೆಲಸದಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂರುವುದು. ಅಜ್ಜ ಊಟಕ್ಕೆ ಹೋದ. ನಾವಿಬ್ಬರು ಬಕೆಟ್ ಬೋರಲು ಹಾಕಿ ಕೂತೆವು. ಮಿನೆಸೊಟಾದ ಸೊಳ್ಳೆಗಳ ಬಗ್ಗೆ ಬೇರೆಯೇ ಲೇಖನ ಬರೆಯಬಹುದು.

ಕೂತಲ್ಲೇ ಅಪ್ಪ ಅಜ್ಜನ ಕತೆ ತೆಗೆದ. ನನ್ನ ಅಜ್ಜ, ಅವನ ಅಪ್ಪ. ಅವನದ್ದೊಂದು ದೋಣಿ ಇತ್ತು ಅನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಹಲಗೆಗಳನ್ನು ಮೊಳೆ ಹೊಡೆಯದೇ ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದ ದೋಣಿ. ಹೊಲಿಗೆಯ ಸಂದಿಗೆಲ್ಲ ನಾರು ತುರುಕಿ, ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರಂತೆ. ಬೇಸಿಗೆಯಲ್ಲಿ ಮೇಲೆಳೆದು ಮಡಲಿನ ಚಪ್ಪರದಡಿ ಇಟ್ಟರೆ ಹಲಗೆ ಒಣಗಿ ಬಾಯಿಬಿಡುತ್ತಿತ್ತು. ಆಗ ದೋಣಿಯೊಳಗೆ ಕೊಡಗಟ್ಟಲೆ ನೀರು ಸುರಿಯುವುದು ಅಪ್ಪನ ಕೆಲಸ. ಹನಿ ಎಲ್ಲೆಲ್ಲಿ ಬೀಳುತ್ತದೋ ಅಲ್ಲಲ್ಲಿ ಇದ್ದಿಲಿನಿಂದ ಗುರುತು ಮಾಡುವುದು. ನೀರು ಕುಡಿದು ಮರ ಉಬ್ಬಿದ ಮೇಲೆ ಅರ್ಧ ಗುರುತು ತಾವಾಗಿಯೇ ಮುಚ್ಚಿಹೋಗುತ್ತಿದ್ದವಂತೆ. “ಈ ನಿಮ್ಮ ಅಲ್ಯುಮಿನಿಯಂ ಉಬ್ಬೋದಿಲ್ಲ. ಅದೇ ತಾಪತ್ರಯ” ಅಂದ.

ನನಗೆ ಮೂವತ್ತು ವರ್ಷ. ಇದನ್ನೆಲ್ಲ ಕೇಳಿದ್ದು ಅದೇ ಮೊದಲು. ನಮ್ಮ ಮನೆಯಿಂದ ನೋಡಿದರೆ ಶರಾವತಿಯ ಮೇಲಿನ ರೈಲು ಸೇತುವೆ ಕಾಣುತ್ತದೆ. ಎರಡು ಕಿಲೋಮೀಟರಿಗೂ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಬೆಂಗಳೂರಿನ ಗೆಳೆಯರಿಗೆಲ್ಲ ಅದರ ಬಗ್ಗೆ ಹೇಳಿಕೊಂಡು ತಿರುಗಿದ್ದೇನೆ. ಅದರ ಕೆಳಗಿನ ನೀರಿನಲ್ಲಿ ಒಂದು ದಿನವೂ ದೋಣಿ ನಡೆಸಿದವನಲ್ಲ.

“ನನಗ್ಯಾಕೆ ಹುಟ್ಟು ಹಾಕೋದು ಕಲಿಸಲಿಲ್ಲ ನೀನು?” ಕೇಳಿದೆ. ಸ್ವಲ್ಪ ಸಿಟ್ಟೂ ಇತ್ತು ಅನ್ನಿಸುತ್ತದೆ. ಎಷ್ಟು ಸಲ ಹೊಳೆಗೆ ಹೋಗುತ್ತೇನೆ ಅಂದಾಗಲೂ ಪುಸ್ತಕ ಕೈಗೆ ಕೊಟ್ಟು ಕೂರಿಸಿದವನು ಇವನೇ.

ಅಪ್ಪ ಸೊಳ್ಳೆ ಹೊಡೆದ. “ಕಲಿತರೆ ಅಲ್ಲೇ ಉಳೀತೀಯ ಅಂತ ಹೆದರಿಕೆ ಇತ್ತು” ಅಂದ. ಸ್ವಲ್ಪ ಹೊತ್ತು ಬಿಟ್ಟು, “ನಿನ್ನ ಅಮ್ಮ ಬೈತಿದ್ದಳು. ಹೊಳೆ ಬದಿಯ ಹುಡುಗನಿಗೆ ಈಜೂ ಬರದ ಹಾಗೆ ಮಾಡಿದ್ರಿ ಅಂತ.”

ನಾನು ಏನು ಹೇಳಬೇಕಿತ್ತೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬೋಟಿನಡಿ ‘ಟಪ್’ ಅಂತ ಸದ್ದಾಯಿತು. ಇಬ್ಬರೂ ಒಟ್ಟಿಗೆ ಬಗ್ಗಿದೆವು.

ಹಿಂಬದಿಯಲ್ಲಿ ಒಂಬತ್ತು ರಿವೆಟ್ಟುಗಳ ಸುತ್ತ ಹಿಟ್ಟು ಕಪ್ಪಾಗಿತ್ತು. ಹಳೇ ಬೋಟು ಅಲೆಗೆ ಬಡಿದು ಬಡಿದು ರಿವೆಟ್ಟುಗಳು ಕೂದಲೆಳೆಯಷ್ಟು ಸಡಿಲವಾಗುತ್ತವೆ. ಮಾರ್ಕರಿನಿಂದ ಸುತ್ತು ಹಾಕಿದೆ. ಸಿಕ್ಕಿತು ಅಂತ ಖುಷಿಪಟ್ಟೆ. ಅಪ್ಪ ಒಪ್ಪಲಿಲ್ಲ. “ಇದು ಬೆವರು. ನಾ ಮೊಗೆದದ್ದು ಬೆವರಲ್ಲ.” ಅವನ ಲೆಕ್ಕ ಸರಿಯಿತ್ತು. ಒಂಬತ್ತೂ ಸೇರಿ ಹತ್ತು ನಿಮಿಷಕ್ಕೆ ಒಂದು ಚಮಚ ಹನಿಸುತ್ತಿದ್ದವು.

ಜಾಕ್ ಇಳಿಸಿದೆವು. ನೀರು ಒಳಗೆ ನಿಧಾನಕ್ಕೆ ಮುಂದೆ ಸರಿಯಿತು. ಹಿಂದಿನ ಬೆಂಚು ದಾಟಿತು, ಏನಿಲ್ಲ. ನಡುವಿನ ಬೆಂಚಿನ ಅಡಿಗೆ ಹೋಯಿತು ನೋಡಿ, ಹಿಂಬದಿಯಲ್ಲಿ ದಾರ ಕಟ್ಟಿದಂತೆ ನೀರು ಸುರಿಯತೊಡಗಿತು.

ಹೌದು, ಹಿಂಬದಿಯಲ್ಲಿ. ನೀರು ಮುಟ್ಟಿದ್ದು ನಡುವಿಗೆ, ಬಿದ್ದದ್ದು ಹಿಂದೆ. ಬೋಟಿನ ಅಡಿಯಲ್ಲಿ ಮೂತಿಯಿಂದ ಬಾಲದವರೆಗೆ ಬೆನ್ನೆಲುಬಿನಂತೆ ಒಂದು ಪಟ್ಟಿ ಇರುತ್ತದೆ. ಎಲ್ಲೋ ಹೊರಬಂದ ನೀರು ಆ ಪಟ್ಟಿಯ ಬದಿ ಹಿಡಿದು ಇಳಿಜಾರಿನಲ್ಲಿ ಹರಿದು, ಕೊನೆಯಲ್ಲಿ ದಾರಿ ಮುಗಿದಾಗ ಕೆಳಗೆ ಬೀಳುತ್ತಿತ್ತು. ನಾನು ಹಚ್ಚಿದ ಎರಡು ಟ್ಯೂಬು ಸೀಲಂಟು ಸರಿಯಾಗಿ ಆ ಬೀಳುವ ಜಾಗದಲ್ಲಿ. ಅಕ್ಕಿಹಿಟ್ಟಿನಲ್ಲಿ ಅದು ಹರಿದ ದಾರಿ ಕಪ್ಪು ಗೆರೆಯಾಗಿ ಕಾಣುತ್ತಿತ್ತು. ಅಪ್ಪ ಬೆರಳಿಟ್ಟು ಆ ಗೆರೆಯನ್ನು ಹಿಂದಿನಿಂದ ಮುಂದಕ್ಕೆ, ನಡುವಿನ ಬೆಂಚಿನ ಕೆಳಗಿನವರೆಗೆ ಓದಿಕೊಂಡು ಹೋದ. ಅಲ್ಲಿಂದಾಚೆ ಟ್ರೈಲರಿನ ಅಡ್ಡಪಟ್ಟಿ ಮರೆಯಾಗಿತ್ತು.

ಗುರುವಾರ ಬೆಂಚು ಬಿಚ್ಚಿದೆವು. ಮೇಲಿನ ತಗಡಿನ ರಿವೆಟ್ಟುಗಳನ್ನು ಡ್ರಿಲ್ ಮಾಡಿ ತೆಗೆದರೆ ಒಳಗೆ ಪೂರ್ತಿ ಫೋಮು. ಬೋಟು ತುಂಬಿದರೂ ಮುಳುಗದಿರಲಿ ಅಂತ ಇಟ್ಟಿರುತ್ತಾರೆ. ಹಗುರಾಗಿರಬೇಕಾದದ್ದು ಎತ್ತಲು ಹೋದರೆ ನೆನೆದ ಹಾಸಿಗೆಯಷ್ಟು ಭಾರ! ವರ್ಷಗಟ್ಟಲೆ ನೀರು ಕುಡಿದಿತ್ತು. ಒಡೆದು ಒಡೆದು ತೆಗೆದೆವು. ಅದರಡಿ ಕಪ್ಪು ಕೆಸರು, ಕೊಳೆತ ಎಲೆ, ಒಂದು ತುಕ್ಕು ಗಾಳ. ಅಪ್ಪ ಕೆಸರನ್ನು ಹಳೇ ಬ್ರಶ್ಶಿನಿಂದ ಕೆರೆಯುತ್ತಿದ್ದವನು ನಿಂತ. ತಳಕ್ಕೆ ಏನೋ ಗುಂಡಗಿನದು ಅಂಟಿತ್ತು. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದಾಗ ಅದರ ಕೆಳಗೆ ಬಿಳಿ ಪುಡಿ.

ಒರೆಸಿ ನೋಡಿದರೆ ಒಂದು ಸೆಂಟಿನ ನಾಣ್ಯ. 1974.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇಂಜಿನಿಯರಿಂಗ್ ಮೊದಲ ವರ್ಷ ಕೆಮಿಸ್ಟ್ರಿಯಲ್ಲಿ ತುಕ್ಕಿನ ಪಾಠ ಓದಿದವರಿಗೆಲ್ಲ ಗ್ಯಾಲ್ವನಿಕ್ ಸೀರೀಸ್ ನೆನಪಿರಬೇಕು. ಪರೀಕ್ಷೆಗೆ ಬಾಯಿಪಾಠ ಮಾಡಿ, ಬರೆದು, ಅಂದೇ ಮರೆತಿದ್ದೆ. 1982ರವರೆಗಿನ ಅಮೆರಿಕದ ಸೆಂಟ್ ನಾಣ್ಯದಲ್ಲಿ ನೂರಕ್ಕೆ 95 ಭಾಗ ತಾಮ್ರ. ತಾಮ್ರ, ಅಲ್ಯುಮಿನಿಯಂ, ನಡುವೆ ಒದ್ದೆ ಕೆಸರು. ಮೂರೂ ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಆ ಜೋಡಿಯಲ್ಲಿ ಯಾವಾಗಲೂ ಕರಗುವುದು ಅಲ್ಯುಮಿನಿಯಂ, ತಾಮ್ರ ಆರಾಮಾಗಿರುತ್ತದೆ. ಸಿಹಿನೀರಿನಲ್ಲಿ ಇದು ತುಂಬ ನಿಧಾನ. ಆದರೆ ನೆನೆದ ಫೋಮು ಆ ಜಾಗವನ್ನು ಒಣಗಲು ಬಿಟ್ಟೇ ಇರಲಿಲ್ಲ. ಯಾರದೋ ಜೇಬಿನಿಂದ ಬಿದ್ದು, ಬೆಂಚಿನಡಿಯ ಸಂದಿಯಲ್ಲಿ ಜಾರಿ ಹೋದ ಒಂದು ಸೆಂಟು ಅಲ್ಲೇ ಕೂತು ಬೋಟನ್ನು ತಿಂದಿತ್ತು.

ಅಪ್ಪ ಅಡಿಗೆ ಹೋಗಿ ಮಲಗಿದ. ನಾನು ಮೇಲಿನಿಂದ ಮೊಬೈಲ್ ಟಾರ್ಚ್ ಹಿಡಿದೆ. “ಕಾಣ್ತು, ಕಾಣ್ತು” ಅಂತ ಕೂಗಿದ. ಮೂರು ಮಿಲಿಮೀಟರಿನ ತೂತು. ಆ ರಾತ್ರಿ ಕೂತು ಲೆಕ್ಕ ಹಾಕಿದೆ: ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಅಷ್ಟು ತೂತಿದ್ದರೆ ಗಂಟೆಗೆ ಸುಮಾರು 30 ಲೀಟರ್ ಒಳಬರುತ್ತದೆ. ಒಂದೂವರೆ ಗಂಟೆಗೆ 45. ಅಪ್ಪನಿಗೆ ತೋರಿಸಿದೆ. “ಮೊಗೆದವನಿಗೆ ಗೊತ್ತಿಲ್ವಾ” ಅಂದ.

ರಿಪೇರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ ಪುಡಿಯನ್ನೆಲ್ಲ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಅಲ್ಯುಮಿನಿಯಂ ತುಂಡೊಂದನ್ನು ಬೋಟಿಗೆಂದೇ ಇರುವ ಸೀಲಂಟ್ ಹಚ್ಚಿ, ಅಲ್ಯುಮಿನಿಯಂ ರಿವೆಟ್ಟುಗಳಿಂದಲೇ ಕೂರಿಸಿದೆವು. ಪಕ್ಕದಲ್ಲಿದ್ದ ಸ್ಟೀಲ್ ಸ್ಕ್ರೂ ತೆಗೆದುಕೊಳ್ಳಲು ಹೋದಾಗ ಅಜ್ಜ ನನ್ನ ಕೈಮೇಲೆ ಹೊಡೆದ. ಇನ್ನೊಂದು ಲೋಹ ತಂದು ಇಟ್ಟರೆ ಮತ್ತೆ ಅದೇ ಕತೆ. ಆ ಒಂಬತ್ತು ಸಡಿಲ ರಿವೆಟ್ಟುಗಳಿಗೆ ಇಬ್ಬರು ಬೇಕು. ಒಬ್ಬ ಹೊರಗಿನಿಂದ ರಿವೆಟ್ಟಿನ ತಲೆಗೆ ಭಾರದ ಉಕ್ಕಿನ ಗಟ್ಟಿ ಒತ್ತಿ ಹಿಡಿಯಬೇಕು, ಇನ್ನೊಬ್ಬ ಒಳಗಿನಿಂದ ಸುತ್ತಿಗೆಯಲ್ಲಿ ಬಡಿಯಬೇಕು. ನಾನು ಕೆಳಗೆ, ಅಪ್ಪ ಮೇಲೆ. ಮಧ್ಯೆ ತಗಡು. ಅವನು ಒಮ್ಮೆ ತಟ್ಟಿದರೆ ‘ಹಿಡಿದಿದ್ದೀಯಾ’ ಅಂತ, ನಾನು ಒಮ್ಮೆ ತಟ್ಟಿದರೆ ‘ಹೊಡಿ’ ಅಂತ. ಶುಕ್ರವಾರ ಸಂಜೆಯೆಲ್ಲ ನಾವಿಬ್ಬರೂ ಹೀಗೇ ಮಾತಾಡಿದೆವು.

ಎಲ್ಲ ಮುಗಿದ ಮೇಲೆ ಸೀಲಂಟಿನ ಟ್ಯೂಬು ಓದಿದೆ. ಪೂರ್ತಿ ಗಟ್ಟಿಯಾಗಲು ಏಳು ದಿನ. ಅಪ್ಪನ ಲೈಸೆನ್ಸು ಅಂದಿಗೇ ಕೊನೆ.

“ಇವರ ಸರ್ಕಾರಕ್ಕೂ ಏಳು ದಿನ, ಇವರ ಗೋಂದಿಗೂ ಏಳು ದಿನ” ಅಂತ ಅಪ್ಪ ನಕ್ಕ. ಅವನು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು ಅಂತ ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ.

ಕಾಯುವ ವಾರದಲ್ಲಿ ಒಂದು ಸಂಜೆ ನಾಣ್ಯ ಹಿಡಿದು ಆ ಅಜ್ಜಿಯ ಮನೆಗೆ ಹೋದೆವು. ಅವಳು ಬಾಗಿಲಲ್ಲೇ ನಿಂತು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗಂಡ ಇಪ್ಪತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ಆ ರಿವೆಟ್ಟುಗಳಿಗೆ ಬೈಯುತ್ತಾ ಹಿಂಬದಿಗೆ ಸೀಲಂಟ್ ಬಳಿಯುತ್ತಿದ್ದನಂತೆ. ನನ್ನ ಎರಡು ಟ್ಯೂಬಿನ ಸಂಗತಿ ನಾನು ಹೇಳಲಿಲ್ಲ. ನಾಣ್ಯ ನಿಮ್ಮದು, ಇಟ್ಟುಕೊಳ್ಳಿ ಅಂದೆ. ಅವಳು ಅಪ್ಪನ ಕೈಯಲ್ಲಿಟ್ಟು ಬೆರಳು ಮಡಿಸಿದಳು. ಅಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ದಾರಿಯಲ್ಲಿ, “ಬೋಟಿಗೆ ಹೋಗುವಾಗ ಮಾತ್ರ ಮನೆಯಲ್ಲಿಡು” ಅಂದೆ. “ಗೊತ್ತುಂಟು” ಅಂದ.

ಮುಂದಿನ ಶನಿವಾರ, ಅಪ್ಪ ಹೊರಡಲು ಎರಡು ವಾರ ಇರುವಾಗ, 24 ಗಂಟೆಯ ಲೈಸೆನ್ಸು ತೆಗೆಸಿ ಮತ್ತೆ ವಕೋನಿಯಾಕ್ಕೆ ಹೋದೆವು. ಟ್ರೈಲರನ್ನು ನೀರಿಗೆ ಬಿಡಲು ರಿವರ್ಸ್ ತೆಗೆದುಕೊಳ್ಳುತ್ತಿದ್ದೆ. ಅಪ್ಪ ಕೈ ಅಡ್ಡ ಹಿಡಿದು ನಿಲ್ಲಿಸಿದ. ಕಿಟಕಿಯ ಹತ್ತಿರ ಬಂದು ಅಂಗೈ ಬಿಚ್ಚಿದ. ಬಿರಡೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ನಾನೇ ಇಟ್ಟು ಮರೆತದ್ದು.

ನಡುಗಡ್ಡೆಯ ಹಿಂದೆ ಈ ಸಲ ಮೋಟಾರು ನಿಲ್ಲಿಸಿ ಅಪ್ಪ ಹುಟ್ಟು ಕೈಗೆ ಕೊಟ್ಟ. ನಾನು ಎಳೆದಲ್ಲೆಲ್ಲ ಬೋಟು ದುಂಡಗೆ ತಿರುಗಿತು. “ಕೈಯಿಂದ ಎಳೀಬೇಡ, ಬೆನ್ನಿಂದ ಎಳಿ. ನೀರನ್ನ ಹೊಡೀಬೇಡ, ಹಿಡಿ” ಅಂತ ಮೇಷ್ಟ್ರ ದನಿಯಲ್ಲಿ ಹೇಳುತ್ತಾ ಹೋದ. ಅರ್ಧ ಗಂಟೆಗೆ ಅಂಗೈಯಲ್ಲಿ ಬೊಕ್ಕೆ ಬಂತು, ಬೋಟು ಒಂದಿಷ್ಟು ನೇರ ಹೋಯಿತು. ಅಷ್ಟರಲ್ಲಿ ಅವನ ಗಾಳಕ್ಕೆ ಸನ್‌ಫಿಶ್ ಅನ್ನುವ, ಅಂಗೈಯಗಲದ, ಹೊಟ್ಟೆ ಅರಿಶಿನ ಬಣ್ಣದ ಮೀನು ಬಿತ್ತು. ಆಮೇಲೆ ಇನ್ನೊಂದು. ನಾಲ್ಕಾಯಿತು. ರಾತ್ರಿ ಮಸಾಲೆ ಹಚ್ಚಿ ಹುರಿಯಬೇಕು, ಹೊಗೆಗೆ ಅಲಾರಾಂ ಹೊಡೆದುಕೊಂಡರೆ ಟವೆಲು ಬೀಸಬೇಕು ಅಂತ ಆಗಲೇ ತೀರ್ಮಾನವಾಯಿತು.

ಎರಡು ಗಂಟೆಯಾದ ಮೇಲೆ ಅಪ್ಪ ಹಿಂಬದಿಗೆ ಬಗ್ಗಿದ. ಪಂಚೆಯ ತುಂಡನ್ನು ತಳಕ್ಕೆ ಒತ್ತಿ, ಫ್ಲಾಸ್ಕಿನ ಮುಚ್ಚಳಕ್ಕೆ ಹಿಂಡಿದ. ಮತ್ತೆ ಒತ್ತಿ, ಮತ್ತೆ ಹಿಂಡಿದ. ಮುಚ್ಚಳ ತುಂಬಲಿಲ್ಲ. ಬೆಳಕಿಗೆ ಹಿಡಿದು ನೋಡಿದ, ನನಗೂ ತೋರಿಸಿದ.

“ಮುಕ್ಕಾಲು ಲೋಟ” ಅಂದೆ.

“ಅರ್ಧ” ಅಂದ. ಕೆರೆಗೆ ಚೆಲ್ಲಿ, “ಎರೆಹುಳದ ಡಬ್ಬ ಇತ್ತ ಕೊಡು” ಅಂದ.